ಪುಷ್ಯ ಮಳೆಯಲ್ಲಿ ಐ7 ಇಟ್ಕೊಂಡು ಏನು ಮಾಡೋದು?

ಮೂಡಿಗೆರೆಯಲ್ಲಿ ನಾನು ಲೆಕ್ಕಪತ್ರ ನೋಡ್ಕೊಳ್ಳುವವಳು. ಅಂಗಡಿಗಳ ಜಿಎಸ್‌ಟಿ, ತೋಟದವರ ಇನ್‌ಕಮ್ ಟ್ಯಾಕ್ಸ್ ರಿಟರ್ನ್, ಇಂಥವು. ರಿಟರ್ನ್ ಹಾಕಲು ಕೊನೇ ದಿನ ಸಾಮಾನ್ಯವಾಗಿ ಜುಲೈ 31. ಸರಿಯಾಗಿ ಅದೇ ಹೊತ್ತಿಗೆ ಇಲ್ಲಿ ಪುಷ್ಯ ಮಳೆ ಹಿಡಿದಿರುತ್ತದೆ. ಗಾಳಿ ಬಂತು, ಸಿಲ್ವರ್ ಮರ ಲೈನ್ ಮೇಲೆ ಬಿತ್ತು, ಕರೆಂಟ್ ಹೋಯ್ತು. ಲೈನ್‌ಮನ್‌ಗಳು ಪಾಪ ಆ ಮಳೆಯಲ್ಲೇ ಕಂಬ ಹತ್ತುತ್ತಾರೆ, ಅವರನ್ನು ಬೈದು ಏನು ಪ್ರಯೋಜನ? ಹಾಗಾಗಿ ಲ್ಯಾಪ್‌ಟಾಪ್‌ಗೆ ಬ್ಯಾಟರಿ ಮುಖ್ಯವೋ ಸ್ಪೀಡ್ ಮುಖ್ಯವೋ ಎಂದರೆ ನನ್ನ ಉತ್ತರ ಬ್ಯಾಟರಿ. ಯೋಚನೆ ಮಾಡೋದೇ ಇಲ್ಲ.

ಆದರೆ ಅಂಗಡಿಗೆ ಹೋದವರೆಲ್ಲ ಸ್ಪೀಡ್ ನೋಡಿಯೇ ತರುತ್ತಾರೆ. ಯಾಕೆ ಅಂತ ಹಾಸನದ ಬಿ.ಎಂ. ರಸ್ತೆಯ ಅಂಗಡಿಯೊಂದರಲ್ಲಿ ನಿಂತಾಗ ಅರ್ಥವಾಯಿತು. ಸ್ಪೀಡ್‌ಗೆ ಸ್ಟಿಕ್ಕರ್ ಇದೆ. ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 144 ಹರ್ಟ್ಸ್ ಸ್ಕ್ರೀನ್. ಎದುರಿಗೇ ಹೊಳೆಯುತ್ತಿರುತ್ತದೆ. ಬ್ಯಾಟರಿ ಹೇಗೆ ಎಂದರೆ, "ಏಳೆಂಟು ಗಂಟೆ ಬರುತ್ತೆ ಮೇಡಂ." ಪಕ್ಕದ್ದು? ಅದೂ ಏಳೆಂಟು. ಆಚೆ ತುದಿಯದ್ದಕ್ಕೂ ಅದೇ ಏಳೆಂಟು!

ಗಂಟೆ ಕೇಳಬಾರದು, ವ್ಯಾಟ್-ಅವರ್ ಕೇಳಬೇಕು, ಅಂದರೆ ಬ್ಯಾಟರಿಯಲ್ಲಿ ಒಟ್ಟು ಎಷ್ಟು ಕರೆಂಟ್ ತುಂಬಿಡಬಹುದು ಎಂಬ ಲೆಕ್ಕ. ಕಂಪನಿಯ ವೆಬ್‌ಸೈಟ್‌ನಲ್ಲಿ ಮಾಡೆಲ್ ನಂಬರ್ ಹಾಕಿದರೆ ಸಾಮಾನ್ಯವಾಗಿ ಸಿಗುತ್ತದೆ. ಬ್ಯಾಟರಿ 42 ವ್ಯಾಟ್-ಅವರ್ ಇದೆ ಅನ್ನಿ. ನಿಮ್ಮ ಕೆಲಸಕ್ಕೆ ಲ್ಯಾಪ್‌ಟಾಪ್ 7 ವ್ಯಾಟ್ ಎಳೆದರೆ 6 ಗಂಟೆ ಬರುತ್ತದೆ. 14 ಎಳೆದರೆ ಮೂರೇ. ಕಂಪನಿಯವರು ಹೇಳುವ ಗಂಟೆ ಎಷ್ಟೋ ಸಲ ಬ್ರೈಟ್‌ನೆಸ್ ತಗ್ಗಿಸಿ ಸುಮ್ನೆ ವಿಡಿಯೊ ಓಡಿಸಿ ತೆಗೆದದ್ದು. ಮೋಡ ಕವಿದ ಮಧ್ಯಾಹ್ನ ಫೋನಿನ ಹಾಟ್‌ಸ್ಪಾಟ್ ಹಿಡಿದು, ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ತೆಗೆದು, ಪೋರ್ಟಲ್‌ನಲ್ಲಿ ಒಟಿಪಿಗೆ ಕಾಯುವವರಿಗೆ ಆ ಗಂಟೆ ಸಿಗುವುದಿಲ್ಲ.

ಇಂಟೆಲ್ ಆದರೆ ಪ್ರೊಸೆಸರ್ ಹೆಸರಿನ ಕೊನೆಯ ಅಕ್ಷರವನ್ನೂ ನೋಡಿ. ಈಚಿನ ಕೆಲವು ವರ್ಷದ ಐ5, ಐ7ಗಳಲ್ಲಿ 'ಯು' ಇದ್ದರೆ ಸಾಮಾನ್ಯವಾಗಿ 15 ವ್ಯಾಟಿನ ಲೆಕ್ಕದಲ್ಲಿ ಮಾಡಿದ್ದು, 'ಎಚ್' ಇದ್ದರೆ 45. ಎರಡೂ ಐ5 ಅಂತಲೇ ಮಾರಾಟವಾಗುತ್ತವೆ.

ಸ್ಪೀಡ್ ಬೇಕೆಂದರೆ ಬ್ಯಾಟರಿ ಬಿಡಲೇಬೇಕು ಅಂತೇನೂ ಇಲ್ಲ. ಆಪಲ್ 2020ರಲ್ಲಿ ಎರಡು ಮ್ಯಾಕ್‌ಬುಕ್ ಏರ್ ತಂದಿತು. ಮೊದಲು ಇಂಟೆಲ್‌ನದ್ದು, ನವೆಂಬರ್‌ನಲ್ಲಿ ತನ್ನದೇ ಎಂ1 ಚಿಪ್‌ನದ್ದು. ಎರಡರಲ್ಲೂ 49.9 ವ್ಯಾಟ್-ಅವರ್ ಬ್ಯಾಟರಿಯೇ. ಕಂಪನಿ ಹೇಳಿದ ಬ್ರೌಸಿಂಗ್ ಸಮಯ ಮಾತ್ರ 11 ಗಂಟೆಯಿಂದ 15ಕ್ಕೆ ಏರಿತು. ಸ್ಪೀಡೂ ಜಾಸ್ತಿ, ಫ್ಯಾನೇ ಇಲ್ಲ. ನನಗೆ ಅದು ಆಗಿಬರುವುದಿಲ್ಲ, ಟ್ಯಾಲಿ ಓಡುವುದು ವಿಂಡೋಸ್‌ನಲ್ಲಿ.

ನಮ್ಮ ಪಕ್ಕದ ಮನೆ ಹುಡುಗ ಹಾಸನದಲ್ಲಿ ಮೆಕ್ಯಾನಿಕಲ್ ಓದುತ್ತಿದ್ದಾನೆ. ಯಂತ್ರಗಳ ನಕ್ಷೆ ಬಿಡಿಸುವ ಸಾಫ್ಟ್‌ವೇರ್‌ಗೆ ಕ್ಯಾಡ್ ಅನ್ನುತ್ತಾರೆ. "ಅಕ್ಕಾ, ಕ್ಯಾಡ್‌ಗೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು" ಎಂದು ಗೇಮಿಂಗ್ ಲ್ಯಾಪ್‌ಟಾಪ್ ತೆಗೆಸಿಕೊಂಡ. ಅವನ ಮಟ್ಟಿಗೆ ಅದು ಸರಿಯೇ. ಹಾಸ್ಟೆಲ್‌ನಲ್ಲಿ ಮಂಚದ ಪಕ್ಕವೇ ಪ್ಲಗ್ ಇದೆ. ಮಳೆಗಾಲದಲ್ಲಿ ಊರಿಗೆ ಬಂದಾಗ ಮಾತ್ರ ರಗಳೆ. ಇಟ್ಟಿಗೆಯಂಥ 180 ವ್ಯಾಟ್ ಚಾರ್ಜರ್. ಪ್ಲಗ್ ಕಿತ್ತರೆ ಅಷ್ಟು ಪವರ್ ಕೊಡಲು ಬ್ಯಾಟರಿಗೆ ಆಗುವುದಿಲ್ಲ, ಗ್ರಾಫಿಕ್ಸ್ ಕಾರ್ಡ್ ತಾನಾಗಿಯೇ ನಿಧಾನವಾಗುತ್ತದೆ. ಅಂದರೆ ದುಡ್ಡು ಕೊಟ್ಟು ತಂದ ಸ್ಪೀಡ್ ಗೋಡೆಯ ಪ್ಲಗ್‌ನಲ್ಲೇ ಉಳಿಯಿತು, ಅಲ್ವಾ? ಇನ್ವರ್ಟರ್‌ಗೆ ಹಾಕಿ ಆಟ ಶುರು ಮಾಡಿದರೆ ಅವನ ಅಮ್ಮ ಒಳಗಿಂದ, "ಅದನ್ನ ತೆಗಿಯೋ, ರಾತ್ರಿಗೆ ಲೈಟ್ ಬೇಡ್ವಾ?"

ಮೊನ್ನೆ ತೋಟದ ರೈಟರ್ ಒಬ್ಬರು ಬಂದಿದ್ದರು. ಆಳುಗಳ ಹಾಜರಿ, ಬಟವಾಡೆ, ಕುಯ್ಲಿನ ತೂಕ ಎಲ್ಲ ಎಕ್ಸೆಲ್‌ನಲ್ಲಿ ಬರೆಯಬೇಕಂತೆ. ಅಂಗಡಿಯವನು ಐ7 ತೋರಿಸಿದ್ದಾನೆ. ಹಾಜರಿ ಬರೆಯಲು ಐ7 ಯಾಕೆ ಮಾವ ಅಂದೆ. ಐ3 ಆದರೂ ಸಾಕು, ಕೊನೆಯಲ್ಲಿ 'ಯು' ಇರಲಿ, 8 ಜಿಬಿ ರ‍್ಯಾಮ್, ಫೈಲ್ ಇಡಲು ಎಸ್‌ಎಸ್‌ಡಿ, ಬ್ಯಾಟರಿ 50 ವ್ಯಾಟ್-ಅವರ್ ದಾಟಿರಲಿ. ಮುಖ್ಯವಾಗಿ ಟೈಪ್-ಸಿಯಲ್ಲಿ ಚಾರ್ಜ್ ಆಗಬೇಕು. ಉಳಿದ ದುಡ್ಡಿಗೆ 65 ವ್ಯಾಟ್ ಕೊಡುವ ಪವರ್ ಬ್ಯಾಂಕ್ ತಗೊಳ್ಳಿ. 20,000 ಎಂಎಎಚ್ ಅಂದರೆ 74 ವ್ಯಾಟ್-ಅವರ್, ಒಂದಷ್ಟು ಸೋರಿದರೂ ಲ್ಯಾಪ್‌ಟಾಪ್ ಹೆಚ್ಚುಕಡಿಮೆ ಇನ್ನೊಮ್ಮೆ ತುಂಬುತ್ತದೆ.

ಎಲ್ಲ ಚೀಟಿಯಲ್ಲಿ ಬರೆಸಿಕೊಂಡರು. "ಸಾಹುಕಾರ್ರು ಐ7 ಅಂದಿದ್ದಾರಲ್ಲ, ಅವರಿಗೆ ಏನು ಹೇಳ್ಲಿ?" ಅಂದರು. ನಾನೇ ಫೋನ್ ಮಾಡ್ತೀನಿ ಅಂದಿದ್ದೇನೆ. ಹೇಗೂ ಅವರ ರಿಟರ್ನ್‌ಗೆ ಬ್ಯಾಂಕ್ ಸ್ಟೇಟ್‌ಮೆಂಟ್ ಇನ್ನೂ ಬಂದಿಲ್ಲ.