ಮಾವನ ಎಡಗಿವಿ

"ಹತ್ತು ವರ್ಷ ದೇಶನ ಮಿಲಿಟರಿ ಕೈಗೆ ಕೊಟ್ಟುಬಿಡಬೇಕು ಅಜ್ಜ, ಆಗ ಪಾಕಿಸ್ತಾನ ಬಾಯಿ ಮುಚ್ಕೊಂಡಿರುತ್ತೆ." ಹೋದ ಭಾನುವಾರ ಚಿತ್ರದುರ್ಗದ ಕೋಟೆ ಹತ್ತುವಾಗ ನನ್ನ ಮಗ ಹೀಗಂದ. ನಮ್ಮ ಸೋದರಮಾವ ಬಲಗಿವಿ ಅವನ ಕಡೆ ತಿರುಗಿಸಿ, "ಇನ್ನೊಂದ್ಸಲ ಹೇಳಪ್ಪ" ಅಂದರು. ಅವರಿಗೆ ಎಡಗಿವಿ ಸರಿಯಾಗಿ ಕೇಳಿಸಲ್ಲ. 1999ರ ಕಾರ್ಗಿಲ್ ಯುದ್ಧದಲ್ಲಿ ದ್ರಾಸ್‌ನಲ್ಲಿ ಬೋಫೋರ್ಸ್ ಫಿರಂಗಿಯ ಪಕ್ಕ ನಿಂತು ಬಂದ ಕಿವಿ ಅದು.

ಮಗ ಮತ್ತೆ ಹೇಳಿದ. ಮಾವ ಏನೂ ಅನ್ನಲಿಲ್ಲ. ಅಕ್ಕತಂಗಿ ಹೊಂಡದ ಹತ್ತಿರ ನೆರಳು ನೋಡಿ ಕೂತರು, ನೀರು ಕುಡಿದರು, ಆಮೇಲೆ ಮಾತಿಗೆ ಶುರುಮಾಡಿದರು. "ಗಡಿ ನಿಯಂತ್ರಣ ರೇಖೆ ದಾಟಬಾರದು ಅಂತ ಡೆಲ್ಲಿಯಿಂದ ಆರ್ಡರ್ ಬಂದಿತ್ತು. ಕಾಲಾಳುಗಳೂ ದಾಟಂಗಿಲ್ಲ, ವಿಮಾನಗಳೂ ದಾಟಂಗಿಲ್ಲ. ಮೇಲಿಂದ ಅವರು ಹೊಡೀತಾರೆ, ನಾವು ಕಡಿದಾದ ಬಂಡೆ ಹತ್ತಬೇಕು. ಎಷ್ಟು ಸಿಟ್ಟು ಬಂದಿತ್ತು ಗೊತ್ತಾ?"

ಆ ಯುದ್ಧದಲ್ಲಿ ನಮ್ಮವರು 527 ಜನ ಹೋದರು. ಹಾಗಾಗಿ ಆ ಆದೇಶದ ಬಗ್ಗೆ ನಾನು ಹಗುರವಾಗಿ ಮಾತಾಡಲಾರೆ. ಆದರೆ ನಾವು ಗೆರೆ ದಾಟದೇ ಇದ್ದದ್ದಕ್ಕೇ ತಪ್ಪು ಯಾರದು ಅಂತ ಜಗತ್ತಿಗೆ ಕಾಣಿಸಿತು. ಅಮೆರಿಕ ಕೂಡ ಪಾಕಿಸ್ತಾನದ ಪರ ನಿಲ್ಲಲಿಲ್ಲ. ಜುಲೈ 4ಕ್ಕೆ ನವಾಜ್ ಷರೀಫ್ ವಾಷಿಂಗ್ಟನ್‌ಗೆ ಹೋಗಿ ಸೈನ್ಯ ಹಿಂದಕ್ಕೆ ಕರೆಸ್ಕೊಳ್ತೀವಿ ಅಂತ ಒಪ್ಪಬೇಕಾಯಿತು. ಅವರ ಕಡೆ ನೋಡಿ: ಫೆಬ್ರವರಿಯಲ್ಲಿ ವಾಜಪೇಯಿ ಬಸ್ಸಲ್ಲಿ ಲಾಹೋರಿಗೆ ಹೋಗಿ ಕೈಕುಲುಕಿ ಬಂದಿದ್ದರು, ಅದೇ ಹೊತ್ತಿಗೆ ಪಾಕಿಸ್ತಾನದ ಸೈನ್ಯ ಗುಟ್ಟಾಗಿ ನಮ್ಮ ಬೆಟ್ಟ ಹತ್ತುತ್ತಿತ್ತು. ಅವರ ಪ್ರಧಾನಿ ಷರೀಫ್ ಕೊಟ್ಟ ಮಾತಿಗೆ ಏನು ಬೆಲೆ ಉಳಿಯಿತು? ಅಕ್ಟೋಬರ್ 12ಕ್ಕೆ ಸೇನಾ ಮುಖ್ಯಸ್ಥ ಮುಷರಫ್ ಆ ಪ್ರಧಾನಿಯನ್ನೇ ಇಳಿಸಿದರು.

ಸೈನ್ಯದವರು ಆಳುವವರನ್ನ ಮೀರಿದ್ದಕ್ಕೆ ಉದಾಹರಣೆ ಹುಡುಕಿ ಲಾಹೋರಿನವರೆಗೂ ಹೋಗಬೇಕಿಲ್ಲ, ನಾವು ಕೂತಿದ್ದ ಕೋಟೆಯಲ್ಲೇ ಇದೆ. ದಳವಾಯಿ, ಅಂದ್ರೆ ಸೇನಾಪತಿ, ಮುದ್ದಣ್ಣ ಇಲ್ಲಿ ಯಾರನ್ನ ಗದ್ದುಗೆ ಮೇಲೆ ಕೂರಿಸಬೇಕು, ಯಾರನ್ನ ಇಳಿಸಬೇಕು ಅಂತ ತಾನೇ ನಿರ್ಧರಿಸುತ್ತಿದ್ದ. ಮೈಸೂರಲ್ಲೂ ಅಷ್ಟೇ, ಒಡೆಯರು ಹೆಸರಿಗೆ ಅರಸರು. ದಳವಾಯಿ ಮನೆಯ ನಂಜರಾಜಯ್ಯ, ತಿರುಚಿನಾಪಳ್ಳಿ ಸಿಗುತ್ತೆ ಅಂತ ಆರ್ಕಾಟಿನ ನವಾಬ ಮಹಮ್ಮದ್ ಅಲಿಯ ಮಾತು ನಂಬಿ 1750ರ ದಶಕದಲ್ಲಿ ವರ್ಷಗಟ್ಟಲೆ ಅಲ್ಲೇ ದಂಡು ಬಿಟ್ಟುಕೊಂಡು ಕೂತ. ತಿರುಚಿನಾಪಳ್ಳಿ ಸಿಗಲಿಲ್ಲ. ಬೊಕ್ಕಸ ಖಾಲಿಯಾಯಿತು, ಸಿಪಾಯಿಗಳಿಗೆ ಸಂಬಳ ಇಲ್ಲ. ಆ ಸಂಬಳದ ಗಲಾಟೆ ಬಗೆಹರಿಸಿ ಮೇಲೆ ಬಂದವನು ಹೈದರ್. 1779ರಲ್ಲಿ ಈ ದುರ್ಗವನ್ನ ಕಿತ್ತುಕೊಂಡವನೂ ಅವನೇ.

"ಹಂಗಾದ್ರೆ ಮಿಲಿಟರಿಯವರು ಸುಮ್ನೆ ಕೈಕಟ್ಕೊಂಡು ನಿಲ್ಬೇಕಾ?" ಮಗ ಬಿಡಲಿಲ್ಲ.

"ಯಾರು ಹೇಳಿದ್ದು? 1971ರಲ್ಲಿ ಇಂದಿರಾ ಗಾಂಧಿ ಪೂರ್ವ ಪಾಕಿಸ್ತಾನಕ್ಕೆ ಬೇಗ ನುಗ್ಗಬೇಕು ಅಂದಾಗ ಸೇನಾ ಮುಖ್ಯಸ್ಥ ಮಾಣಿಕ್ ಶಾ ಈಗಲೇ ಆಗಲ್ಲ ಅಂದ್ರು. ಮಳೆಗಾಲ ಹತ್ರ ಇದೆ, ತಯಾರಿ ಸಾಲದು ಅಂತ ಎದುರಿಗೇ ಹೇಳಿದ್ರು. ಆಕೆ ಕೇಳಿದ್ರು. ಡಿಸೆಂಬರಲ್ಲಿ ಹದಿಮೂರು ದಿನಕ್ಕೆ ಯುದ್ಧ ಮುಗೀತು. ಹೇಳೋದು ನಮ್ಮ ಕೆಲಸ ಕಣೋ. ಯಾವಾಗ, ಯಾರ ಮೇಲೆ, ಎಲ್ಲೀವರೆಗೆ ಅಂತ ತೀರ್ಮಾನ ಮಾಡೋದು ನೀವು ಓಟು ಹಾಕಿ ಗೆಲ್ಲಿಸಿದವರ ಕೆಲಸ. ಅವರು ತಪ್ಪು ಮಾಡಿದ್ರೆ ಐದು ವರ್ಷಕ್ಕೆ ಇಳಿಸ್ಬಹುದು. ನನ್ನ ಹೆಂಗೆ ಇಳಿಸ್ತೀಯ, ನನ್ನ ಕೈಲಿ ತೋಪು ಐತಲ್ಲ?"

ಇಳಿಯುವಾಗ ನಾನೊಂದು ಮಾತು ಕೇಳಿದೆ, ಕೇಳಬಾರದಿತ್ತೇನೋ. "ಗೆರೆ ದಾಟಿದ್ರೆ ಆ ಯುದ್ಧದಲ್ಲಿ ಹೋದ ನಿಮ್ಮ ಗೆಳೆಯ ಉಳೀತಿದ್ರಾ ಮಾವ?"

ಮಾವ ಒಂದು ಮೆಟ್ಟಿಲ ಮೇಲೆ ನಿಂತರು. "ಉಳೀತಿದ್ನೇನೋ. ಬೇರೆ ಹತ್ತು ಜನ ಹೋಗ್ತಿದ್ರೇನೋ. ನಾವು ಫಿರಂಗಿ ಹತ್ರ ಇದ್ವಿ ಕಣಪ್ಪ, ನಮಗೆ ಆ ಒಂದು ಬೆಟ್ಟ ಮಾತ್ರ ಕಾಣ್ತಿತ್ತು."

ಮಗ ಏನೂ ಮಾತಾಡದೆ ಅವರ ಬಲಗಡೆಗೆ ಬಂದು ಕೈ ಹಿಡಿದುಕೊಂಡ.