ವೆಲ್ಲೂರಿನ ಆಸ್ಪತ್ರೆ ಬೆಳೆದ ಬಗೆ

ಕೋಲಾರದ ಕಡೆಯ ಮನೆಗಳಲ್ಲಿ ಕಾಯಿಲೆ ಕೈಮೀರುತ್ತಿದೆ ಅನ್ನಿಸಿದಾಗ ಹಿರಿಯರ ಬಾಯಿಂದ ಬರುವ ಮಾತು ಇಂದಿಗೂ ಒಂದೇ: "ಒಂದು ಸಲ ವೆಲ್ಲೂರಿಗೆ ಕರ್ಕೊಂಡು ಹೋಗಿ ತೋರಿಸ್ಬಿಡ್ರಪ್ಪಾ." ಬೆಂಗಳೂರಿನಲ್ಲಿ ಬೀದಿಗೊಂದರಂತೆ ದೊಡ್ಡ ಖಾಸಗಿ ಆಸ್ಪತ್ರೆಗಳು ಎದ್ದು ನಿಂತ ಮೇಲೂ ಈ ಮಾತಿನ ತೂಕ ಪೂರ್ತಿ ಇಳಿದಿಲ್ಲ. ಚಿಕ್ಕಪ್ಪನವರ ಚಿಕಿತ್ಸೆಯ ನೆಪದಲ್ಲಿ ನಾನೂ ಕಾಟ್ಪಾಡಿ ಜಂಕ್ಷನ್ನಿನಲ್ಲಿ ರೈಲಿಳಿದು ಆ ಆಸ್ಪತ್ರೆಯ ಬೆಂಚುಗಳ ಮೇಲೆ ಸಾಕಷ್ಟು ಹೊತ್ತು ಕಾದಿದ್ದೇನೆ. ಒಂದು ಜಿಲ್ಲಾ ಪಟ್ಟಣದಲ್ಲಿ, ಸರ್ಕಾರದ್ದೂ ಅಲ್ಲದ, ಲಾಭಕ್ಕಾಗಿಯೂ ನಡೆಯದ ಒಂದು ಕ್ರೈಸ್ತ ಆಸ್ಪತ್ರೆ ಇಷ್ಟು ದೊಡ್ಡದಾಗಿ ಬೆಳೆದದ್ದು ಹೇಗೆ ಎಂಬ ಕುತೂಹಲ ಹುಟ್ಟಿದ್ದು ಆಗಲೇ. ಓದುತ್ತ ಹೋದಂತೆ ನನಗೆ ತೋರಿದ್ದು ಇಷ್ಟು: ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು, ಅಂದರೆ ಜನರ ಬಾಯಲ್ಲಿ ಸಿ.ಎಂ.ಸಿ., ಪ್ರತಿ ಸಲ ಬೆಳೆದದ್ದು ಕೆಲಸಕ್ಕೆ ಕೈಗಳು ಸಾಲದೆ ಹೋದಾಗ. ಆ ಕೈಗಳನ್ನು ಹೊರಗಿನಿಂದ ತರಿಸುವ ಬದಲು ಅಲ್ಲಿಯೇ ತಯಾರು ಮಾಡಲು ಹೊರಟಾಗ.

ಆರಂಭದ ಕಥೆ ವೆಲ್ಲೂರಿನಲ್ಲಿ ಒಂದು ಸ್ಥಳಪುರಾಣವೇ ಆಗಿಬಿಟ್ಟಿದೆ. ಸಂಸ್ಥೆಯನ್ನು ಹುಟ್ಟುಹಾಕಿದ ಐಡಾ ಸ್ಕಡರ್ ಹುಟ್ಟಿದ್ದು 1870ರಲ್ಲಿ, ರಾಣಿಪೇಟೆಯಲ್ಲಿ. ಅಮೆರಿಕದ ರಿಫಾರ್ಮ್ಡ್ ಚರ್ಚಿಗೆ ಸೇರಿದ, ಅಜ್ಜನ ಕಾಲದಿಂದಲೂ ಮಿಷನರಿಗಳಾಗಿದ್ದ ವೈದ್ಯರ ಮನೆತನ. ಬರಗಾಲ, ಬಡತನ, ಧೂಳುಗಳನ್ನು ಬಾಲ್ಯದಲ್ಲಿಯೇ ಕಂಡಿದ್ದ ಆಕೆಗೆ ಈ ದೇಶದಲ್ಲಿ ನೆಲಸುವ ಮನಸ್ಸಿರಲಿಲ್ಲ. ಅಮೆರಿಕದಲ್ಲಿ ಓದು ಮುಗಿಸಿ, ಕಾಯಿಲೆ ಬಿದ್ದ ತಾಯಿಯನ್ನು ನೋಡಿಕೊಳ್ಳಲು ತಿಂಡಿವನಕ್ಕೆ ಬಂದಿದ್ದಾಗ, ಒಂದೇ ರಾತ್ರಿ ಮೂವರು ಗಂಡಸರು, ಒಬ್ಬ ಬ್ರಾಹ್ಮಣ, ಒಬ್ಬ ಮುಸಲ್ಮಾನ, ಇನ್ನೊಬ್ಬ ಬೇರೆ ಜಾತಿಯ ಹಿಂದೂ, ಹೆರಿಗೆಯಲ್ಲಿ ನರಳುತ್ತಿದ್ದ ತಮ್ಮ ಹೆಂಡಂದಿರಿಗಾಗಿ ಆಕೆಯನ್ನು ಕರೆಯಲು ಬಂದರು. ತಾನು ವೈದ್ಯೆಯಲ್ಲ, ತಂದೆಯವರು ಬರುತ್ತಾರೆ ಎಂದರೆ ಮೂವರೂ ಒಪ್ಪಲಿಲ್ಲ. ಪರಗಂಡಸು ತಮ್ಮ ಹೆಂಗಸರನ್ನು ಮುಟ್ಟುವುದು ಆಗದ ಮಾತಾಗಿತ್ತು. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ತೀರಿಕೊಂಡಿದ್ದರು. ಎಷ್ಟು ಸಲ ಹೇಳಿದರೂ ಸವೆಯದ ಕಥೆ ಇದು, ನಿಜ. ಆದರೆ ಇದೊಂದನ್ನೇ ಹೇಳಿ ನಿಲ್ಲಿಸುವವರು ಆಮೇಲಿನ ಅರುವತ್ತು ವರ್ಷಗಳ ದುಡಿಮೆಯನ್ನು ಮರೆಸಿಬಿಡುತ್ತಾರೆ ಎಂಬ ತಕರಾರು ನನ್ನದು.

ಆ ರಾತ್ರಿಯ ಬಳಿಕ ವೈದ್ಯೆಯಾಗಲು ನಿಶ್ಚಯಿಸಿದ ಐಡಾ ಅಮೆರಿಕದ ಕಾರ್ನೆಲ್‌ನಲ್ಲಿ ವೈದ್ಯಪದವಿ ಪಡೆದದ್ದು 1899ರಲ್ಲಿ. ಹೊರಡುವ ಮುಂಚೆ ನ್ಯೂಯಾರ್ಕಿನ ಷೆಲ್ ಎಂಬ ಬ್ಯಾಂಕರ್ ತಮ್ಮ ತೀರಿಕೊಂಡ ಹೆಂಡತಿಯ ನೆನಪಿಗೆ 10,000 ಡಾಲರ್ ಕೊಟ್ಟರು. 1900ರಲ್ಲಿ ವೆಲ್ಲೂರಿನ ಬಂಗಲೆಯಲ್ಲಿ ಒಂದೇ ಹಾಸಿಗೆಯ ಚಿಕಿತ್ಸಾಲಯ ಶುರುವಾಯಿತು. ಯಾರ ಕೈಕೆಳಗೆ ಪಳಗಬೇಕೆಂದುಕೊಂಡಿದ್ದರೋ ಆ ತಂದೆ ಅದೇ ವರ್ಷ ತೀರಿಹೋದರು. 1902ರಲ್ಲಿ ಷೆಲ್ ದಾನದಿಂದ 40 ಹಾಸಿಗೆಗಳ ಹೆಂಗಸರ ಆಸ್ಪತ್ರೆ ಎದ್ದಿತು. ಕಟ್ಟಡವೇನೋ ಬಂತು, ಒಳಗೆ ದುಡಿಯುವವರು ಬೇಕಲ್ಲ? ಆ ಕಾಲದಲ್ಲಿ ರೋಗಿಯ ಮಲಮೂತ್ರ ಬಳಿಯುವ, ರಕ್ತ ಮುಟ್ಟುವ ಕೆಲಸಕ್ಕೆ ಮರ್ಯಾದಸ್ಥರ ಮನೆಯ ಹುಡುಗಿಯರನ್ನು ಯಾರೂ ಕಳಿಸುತ್ತಿರಲಿಲ್ಲ. ಹಾಗಾಗಿ ಕಂಪೌಂಡರುಗಳ ತರಬೇತಿ ಆರಂಭವಾಯಿತು, 1909ರಲ್ಲಿ ನರ್ಸಿಂಗ್ ಶಾಲೆ ತೆರೆಯಿತು. ಆ ಶಾಲೆಯೇ ಬೆಳೆದು 1946ರಲ್ಲಿ ದೇಶದ ಮೊತ್ತಮೊದಲ ನರ್ಸಿಂಗ್ ಪದವಿ ತರಗತಿಗಳಲ್ಲೊಂದನ್ನು ನಡೆಸುವಂತಾಯಿತು.

ಆಸ್ಪತ್ರೆಗೆ ಬರಲಾರದವರ ಬಳಿಗೆ ಆಸ್ಪತ್ರೆಯೇ ಹೋಗುವ ಪದ್ಧತಿಯೂ ಆ ಸುಮಾರಿನಲ್ಲೇ ಮೊದಲಾಯಿತು. ಗುಡಿಯಾತ್ತಂ ರಸ್ತೆಯಲ್ಲಿ ಗೊತ್ತುಮಾಡಿದ ಮರಗಳ ಕೆಳಗೆ, ಗೊತ್ತಾದ ವಾರದಂದು ಗಾಡಿ ನಿಲ್ಲುತ್ತಿತ್ತು. ಹುಣ್ಣು, ಕಣ್ಣುಬೇನೆ, ಜ್ವರ, ಕಜ್ಜಿ ಎಂದು ಜನ ಸಾಲುಗಟ್ಟುತ್ತಿದ್ದರು. ಈಗ ಸರ್ಕಾರಿ ಸಂಚಾರಿ ಆಸ್ಪತ್ರೆಗಳನ್ನು ನೋಡಿ ಬೆಳೆದ ನಮಗೆ ಇದರಲ್ಲಿ ವಿಶೇಷವೇನೂ ಕಾಣದು. ಆದರೆ ಕುಷ್ಠರೋಗಿಗಳು ಸಾಲಿನ ತುದಿಯಲ್ಲಿ ದೂರ ಸರಿದು ಕೂರುತ್ತಿದ್ದ ಆ ರಸ್ತೆಬದಿಯಲ್ಲೇ ಆಸ್ಪತ್ರೆಗೆ ತನ್ನ ಮುಂದಿನ ಕೆಲಸ ಕಂಡದ್ದು ಎಂಬುದನ್ನು ಗಮನಿಸಬೇಕು.

ಹೆಂಗಸರಿಗೆ ವೈದ್ಯೆಯರು ಬೇಕು, ವೈದ್ಯೆಯರು ಹಡಗಿನಲ್ಲಿ ಬಂದು ಮುಗಿಯುವಷ್ಟು ಈ ದೇಶ ಚಿಕ್ಕದಲ್ಲ. 1918ರಲ್ಲಿ ಹಲವು ಮಿಷನ್‌ಗಳು ಕೂಡಿ ಹೆಣ್ಣುಮಕ್ಕಳಿಗಾಗಿ ವೈದ್ಯಕೀಯ ಶಾಲೆಯೊಂದನ್ನು ವೆಲ್ಲೂರಿನಲ್ಲಿ ತೆರೆದಾಗ, ಅರ್ಜಿ ಹಾಕುವವರೇ ಸಿಗುವುದಿಲ್ಲ ಎಂದು ತಲೆಯಾಡಿಸಿದ ಅಧಿಕಾರಿಗಳಿದ್ದರು. ಮೊದಲ ವರ್ಷವೇ 151 ಅರ್ಜಿಗಳು ಬಂದವು. ಕಲಿಸುತ್ತಿದ್ದದ್ದು ಎಲ್.ಎಂ.ಪಿ. ಎಂಬ ಡಿಪ್ಲೊಮಾ, ಹಳ್ಳಿಗಾಡಿನಲ್ಲಿ ಹೆರಿಗೆ, ಜ್ವರ, ಗಾಯಗಳನ್ನು ನೋಡಿಕೊಳ್ಳಲು ಅಷ್ಟು ಸಾಕಾಗಿತ್ತು. 1928ರಲ್ಲಿ ಊರಾಚೆ ಬಾಗಾಯಂನ ಗುಡ್ಡಗಳ ನಡುವೆ ಸುಮಾರು 200 ಎಕರೆಯಲ್ಲಿ ಕಾಲೇಜಿನ ಆವರಣಕ್ಕೆ ಅಡಿಪಾಯ ಬಿದ್ದಿತು. ಅದೇ ವರ್ಷ ಗಾಂಧೀಜಿಯವರೂ ಶಾಲೆಗೆ ಬಂದು ಹೋದರು.

ಇಡೀ ಚರಿತ್ರೆಯಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸುವ ಘಟ್ಟ ಇದಾದ ಹತ್ತು ವರ್ಷಗಳ ಮೇಲಿನದು. 1930ರ ದಶಕದ ಕೊನೆಯಲ್ಲಿ ಮದ್ರಾಸ್ ಸರ್ಕಾರವು ಎಲ್.ಎಂ.ಪಿ. ಶಿಕ್ಷಣವನ್ನು ನಿಲ್ಲಿಸಿ, ಇನ್ನು ಮುಂದೆ ವಿಶ್ವವಿದ್ಯಾಲಯದ ಪದವಿಯೊಂದೇ ಮಾನ್ಯ ಎಂದು ತೀರ್ಮಾನಿಸಿತು. ಸರ್ಕಾರದ ಆ ಸುಧಾರಣೆ ವೆಲ್ಲೂರಿಗೆ ಮರಣಶಾಸನದಂತಿತ್ತು. ಪದವಿ ಕಾಲೇಜಾಗಬೇಕಾದರೆ ಉನ್ನತ ಪದವಿ ಪಡೆದ ಪ್ರಾಧ್ಯಾಪಕರು, ನೂರಾರು ಹೆಚ್ಚುವರಿ ಹಾಸಿಗೆಗಳು, ಪ್ರಯೋಗಾಲಯಗಳು, ಇವೆಲ್ಲಕ್ಕೂ ರಾಶಿ ಹಣ ಬೇಕು. ಅಷ್ಟರಲ್ಲಿ ಮಹಾಯುದ್ಧ ಬೇರೆ ಶುರುವಾಯಿತು. ಎಪ್ಪತ್ತು ದಾಟಿದ ಐಡಾ ಅಮೆರಿಕದಲ್ಲಿ ಊರೂರು ಸುತ್ತಿ ಹಣ ಎತ್ತಿದರು. ಇತ್ತ ವೆಲ್ಲೂರಿನಲ್ಲಿ ಕುಷ್ಠರೋಗ ತಜ್ಞ ರಾಬರ್ಟ್ ಕಾಕ್ರೇನ್ ಪ್ರಾಂಶುಪಾಲರಾಗಿ ನಿಂತು ವಿಶ್ವವಿದ್ಯಾಲಯದ ಷರತ್ತುಗಳನ್ನು ಒಂದೊಂದಾಗಿ ಪೂರೈಸಿದರು. 1942ರಲ್ಲಿ ಎಂ.ಬಿ.ಬಿ.ಎಸ್. ತರಗತಿ ಆರಂಭವಾಯಿತು.

ಆದರೆ ಇದಕ್ಕೆ ಬೆಲೆ ತೆರಬೇಕಾಯಿತು. ಇಷ್ಟು ದೊಡ್ಡ ಕಾಲೇಜನ್ನು ಹೊರುವ ಶಕ್ತಿ ಒಂದೇ ಸಭೆಗಾಗಲಿ, ಅಂದರೆ ಒಂದೇ ಚರ್ಚ್ ಪಂಗಡಕ್ಕಾಗಲಿ, ಬರೀ ಮಹಿಳಾ ಮಂಡಳಿಗಳಿಗಾಗಲಿ ಇರಲಿಲ್ಲ. ಮೆಥೊಡಿಸ್ಟರು, ಬ್ಯಾಪ್ಟಿಸ್ಟರು, ಲೂಥರನ್ನರು, ಆಂಗ್ಲಿಕನ್ನರು ಎಂದು ಬೇರೆ ಬೇರೆ ಪ್ರಾರ್ಥನಾಪದ್ಧತಿಯ, ಕೆಲವೊಮ್ಮೆ ಒಬ್ಬರ ಮುಖ ಒಬ್ಬರಿಗಾಗದ ಸಭೆಗಳೆಲ್ಲ ಒಂದೇ ಆಡಳಿತ ಮಂಡಳಿಯಲ್ಲಿ ಕೂರಬೇಕಾಯಿತು. ಅವರೆಲ್ಲರ ಆಸ್ಪತ್ರೆಗಳಿಗೂ ವೈದ್ಯರು ಬೇಕಾಗಿದ್ದುದರಿಂದ ಗಂಡು ವಿದ್ಯಾರ್ಥಿಗಳನ್ನೂ ಸೇರಿಸಿಕೊಳ್ಳಬೇಕಾಯಿತು. ಹೆಂಗಸರಿಗಾಗಿ ಹೆಂಗಸರೇ ಕಟ್ಟಿದ್ದನ್ನು ಗಂಡಸರಿಗೆ ಬಿಟ್ಟುಕೊಡುವುದೇ ಎಂದು ಅಮೆರಿಕದಲ್ಲಿ ದಶಕಗಳಿಂದ ಹಣ ಕೂಡಿಸಿಕೊಟ್ಟಿದ್ದ ಕೆಲವು ಹಿರಿಯ ಮಹಿಳೆಯರು ನೊಂದರು, ವಿರೋಧಿಸಿದರು. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಆ ದಿನ ಬಾಗಿಲು ತೆರೆಯದೆ ಹೋಗಿದ್ದರೆ ವೆಲ್ಲೂರು ಇಂದು ಒಂದು ಒಳ್ಳೆಯ ಹೆರಿಗೆ ಆಸ್ಪತ್ರೆಯಾಗಿ ಉಳಿದಿರುತ್ತಿತ್ತೇನೋ. ಸ್ವಾತಂತ್ರ್ಯದ ಬಳಿಕ ಹಿಲ್ಡಾ ಲಾಜರಸ್ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕಿಯಾದರು.

ಕಾಲೇಜಾದ ಮೇಲೆ ಬಂದವರಲ್ಲಿ ಪಾಲ್ ಬ್ರಾಂಡ್ ಒಬ್ಬರು. ಕುಷ್ಠದಿಂದ ಮಡಚಿಕೊಂಡು ಗಟ್ಟಿಯಾದ ಬೆರಳುಗಳಿಗೆ, ಕೆಡದೆ ಉಳಿದ ಸ್ನಾಯುವಿನ ಕಂಡರವನ್ನು (ಸ್ನಾಯುವನ್ನು ಮೂಳೆಗೆ ಕಟ್ಟುವ ಪಟ್ಟಿಯನ್ನು) ತಿರುಗಿಸಿ ಜೋಡಿಸಿ ಮತ್ತೆ ಚಲನೆ ತರುವ ಶಸ್ತ್ರಚಿಕಿತ್ಸೆಯನ್ನು ಅವರು 1940ರ ದಶಕದ ಕೊನೆಯಲ್ಲಿ ಇಲ್ಲಿ ರೂಪಿಸಿದರು. ಕುಷ್ಠದಲ್ಲಿ ಮಾಂಸ ತಾನಾಗಿ ಕೊಳೆತು ಬೆರಳು ಉದುರುತ್ತದೆ ಎಂಬ ನಂಬಿಕೆಯನ್ನು ಒಡೆದವರೂ ಅವರೇ: ನೋವು ತಿಳಿಯದ ಕೈ ಸುಟ್ಟುಕೊಳ್ಳುತ್ತದೆ, ತರಚಿಕೊಳ್ಳುತ್ತದೆ, ಆ ಗಾಯಗಳಿಂದ ಬೆರಳು ಹೋಗುತ್ತದೆ. ಕೆಲವರ ಬೆರಳು ರಾತ್ರಿ ಬೆಳಗಾಗುವಷ್ಟರಲ್ಲಿ ಮಾಯವಾಗುತ್ತಿತ್ತು. ಕಾದು ನೋಡಿದಾಗ ತಿಳಿದದ್ದು, ಇಲಿಗಳು ಬಂದು ಕಡಿದುಕೊಂಡು ಹೋಗುತ್ತಿದ್ದವು, ಮಲಗಿದವರಿಗೆ ಅರಿವೇ ಆಗುತ್ತಿರಲಿಲ್ಲ. ಆಮೇಲೆ ಮನೆಗೆ ಹೋಗುವ ರೋಗಿಗೆ ಔಷಧಿಯ ಜೊತೆ ಒಂದು ಬೆಕ್ಕನ್ನೂ ಕೊಟ್ಟು ಕಳಿಸುವ ರೂಢಿ ಬಂತು. ಕೈ ಸರಿಹೋದವರಿಗೂ ಊರಿನಲ್ಲಿ ಕೆಲಸ ಕೊಡುವವರಿರಲಿಲ್ಲವಾದ್ದರಿಂದ ಆವರಣದಲ್ಲಿಯೇ 'ನವಜೀವ ನಿಲಯಂ' ಎಂಬ ಸಣ್ಣ ವಸತಿಯನ್ನು ಕಟ್ಟಿ ಮರಗೆಲಸ ಮುಂತಾದ ಕಸುಬು ಕಲಿಸಿದರು. ಬ್ರಾಂಡ್ ಅವರ ಬಳಿ ಕಲಿತ ಮೇರಿ ವರ್ಗೀಸ್ 1954ರ ರಸ್ತೆ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡರೂ ಗಾಲಿಕುರ್ಚಿಯಲ್ಲಿ ಕುಳಿತೇ ಶಸ್ತ್ರಚಿಕಿತ್ಸೆ ಮಾಡಿದರು. ಮುಂದೆ ಅಲ್ಲಿನ ಪುನರ್ವಸತಿ ಚಿಕಿತ್ಸಾ ವಿಭಾಗವನ್ನು ಕಟ್ಟಿದರು.

ದೇಶದ ಮೊದಲ ಯಶಸ್ವಿ ಮೂತ್ರಪಿಂಡ ಕಸಿ ನಡೆದದ್ದು 1971ರಲ್ಲಿ ಇಲ್ಲಿಯೇ. ಇಂಥ ಹಲವು 'ಮೊದಲು'ಗಳ ಪಟ್ಟಿ ಸಿ.ಎಂ.ಸಿ.ಗಿದೆ, ಅದನ್ನು ಅವರ ಕರಪತ್ರಗಳಿಗೇ ಬಿಡೋಣ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಕಣಿಯಂಬಾಡಿ ಬ್ಲಾಕಿನ ಹಳ್ಳಿಗಳಲ್ಲಿ ಸಮುದಾಯ ಆರೋಗ್ಯ ವಿಭಾಗ ದಶಕಗಳಿಂದ ನಡೆಸಿಕೊಂಡು ಬಂದ ಕೆಲಸ. ಆಯಾ ಹಳ್ಳಿಯ ಹೆಂಗಸರೇ ಆರೋಗ್ಯ ಕಾರ್ಯಕರ್ತೆಯರು. ಬಸಿರು, ಹೆರಿಗೆ, ಹುಟ್ಟು, ಸಾವು ಎಲ್ಲವೂ ದಾಖಲೆಗೆ ಹೋಗುತ್ತವೆ. ಅವರ ಮೇಲೆ ನರ್ಸ್, ನರ್ಸಿನ ಮೇಲೆ ವೈದ್ಯರು ಎಂದು ಮೆಟ್ಟಿಲು ಮೆಟ್ಟಿಲಾಗಿ ಮೇಲ್ವಿಚಾರಣೆ. ಮೊದಲ ವರ್ಷದ ವಿದ್ಯಾರ್ಥಿಗಳು ವಾರಗಟ್ಟಲೆ ಹಳ್ಳಿಯಲ್ಲಿ ತಂಗಿ ಮನೆಮನೆ ಸಮೀಕ್ಷೆ ಮಾಡಬೇಕು. ಜನರ ಜೊತೆಗಿನ ಈ ಒಡನಾಟ ಸಂಶೋಧನೆಗೂ ನೆಲೆಯಾಯಿತು. ಮಕ್ಕಳ ಭೇದಿಗೆ ಕಾರಣವಾಗುವ ರೋಟಾವೈರಸ್ ಕುರಿತು ಗಗನ್‌ದೀಪ್ ಕಾಂಗ್ ಅವರು ನಡೆಸಿದ ಅಧ್ಯಯನಗಳು ಹುಟ್ಟಿದ್ದು ವೆಲ್ಲೂರಿನ ಬಡ ಬಡಾವಣೆಗಳಲ್ಲಿ. ಭಾರತದಲ್ಲಿಯೇ ತಯಾರಾದ ರೋಟಾವೈರಸ್ ಲಸಿಕೆಯನ್ನು ಪರೀಕ್ಷಿಸಿದ ಮೂರು ಕೇಂದ್ರಗಳಲ್ಲಿ ವೆಲ್ಲೂರು ಒಂದು.

ಇನ್ನು ಪಟ್ಟಣದ ನಡುವಿನ ಮುಖ್ಯ ಆಸ್ಪತ್ರೆ. ದಿನವೊಂದಕ್ಕೆ ಏಳೆಂಟು ಸಾವಿರ ಹೊರರೋಗಿಗಳು ಬರುವ ಆ ಜಾಗದಲ್ಲಿ ಕಾಲಿಡಲೂ ಸಂದಿಯಿರುವುದಿಲ್ಲ. ಐಡಾ ಸ್ಕಡರ್ ರಸ್ತೆಗೆ ಇಳಿದರೆ ಲಾಡ್ಜುಗಳ, ಔಷಧಿ ಅಂಗಡಿಗಳ, ಊಟದ ಹೋಟೆಲುಗಳ ಫಲಕಗಳಲ್ಲಿ ತಮಿಳಿನ ಪಕ್ಕದಲ್ಲೇ ಬಂಗಾಳಿ ಅಕ್ಷರಗಳು. ಮಧ್ಯಾಹ್ನ ಮೀನಿನ ಸಾರು, ಅನ್ನದ ವಾಸನೆ. ಪಶ್ಚಿಮ ಬಂಗಾಳ, ಜಾರ್ಖಂಡ್, ಬಾಂಗ್ಲಾದೇಶದಿಂದ ಬರುವವರ ನಡುವೆ ಹತ್ತಿರದ ನಾವೇ ಹೊರಗಿನವರಂತೆ ಕಾಣುತ್ತೇವೆ. ನೋಂದಣಿ ಮಾಡಿಸುವಾಗ 'ಜನರಲ್' ಅಥವಾ 'ಪ್ರೈವೇಟ್' ಎಂದು ಆರಿಸಿಕೊಳ್ಳಬೇಕು. ಪ್ರೈವೇಟ್‌ಗೆ ಹೆಚ್ಚು ಶುಲ್ಕ, ಹಿರಿಯ ವೈದ್ಯರ ಭೇಟಿಯ ಅನುಕೂಲ. ಸಮಾನತೆಯ ಮಾತನಾಡುವ ಸಂಸ್ಥೆಯಲ್ಲಿ ಎರಡು ಸಾಲುಗಳೇಕೆ ಎಂದು ಚಿಕ್ಕಪ್ಪ ಗೊಣಗಿದ್ದರು. ಆದರೆ ಹೊರದೇಶದ ದೇಣಿಗೆಗಳ ಕಾಲ ಎಂದೋ ಮುಗಿದು, ಇಂದು ದೈನಂದಿನ ಖರ್ಚಿನ ಬಹುಪಾಲು ರೋಗಿಗಳು ಕಟ್ಟುವ ಹಣದಿಂದಲೇ ಹೊರಡಬೇಕು, ಕಟ್ಟಲಾಗದವರಿಗೆ ಕೊಡುವ ರಿಯಾಯಿತಿಯೂ ಅದರಿಂದಲೇ ಬರಬೇಕು. ವೈದ್ಯರಿಗೆ ತಿಂಗಳ ಸಂಬಳ ಮಾತ್ರ. ಖಾಸಗಿ ಪ್ರ್ಯಾಕ್ಟೀಸಿಗೆ ಅವಕಾಶವಿಲ್ಲ. ಹೆಚ್ಚು ಪರೀಕ್ಷೆ ಬರೆದರೆ ಬರೆದವರ ಜೇಬಿಗೆ ಏನೂ ಬರುವುದಿಲ್ಲ ಎಂಬ ಈ ಒಂದು ಏರ್ಪಾಟೇ ಜನರ ನಂಬಿಕೆಯ ಮೂಲ ಎಂದು ನನ್ನ ಅನಿಸಿಕೆ. ಹಾಗಿದ್ದರೂ ಒಂದು ಮಾತು ಹೇಳಲೇಬೇಕು: ಸಾವಿರಾರು ಕಿಲೋಮೀಟರ್ ದೂರದಿಂದ ಜನ ಇಲ್ಲಿಗೆ ಬರಬೇಕಾಗಿರುವುದು ಈ ಆಸ್ಪತ್ರೆಯ ಕೀರ್ತಿಯಷ್ಟೇ ಅಲ್ಲ, ಅವರವರ ಊರಿನ ವ್ಯವಸ್ಥೆಯ ಸೋಲೂ ಹೌದು. 2022ರಲ್ಲಿ ರಾಣಿಪೇಟೆ ಜಿಲ್ಲೆಯ ಕನ್ನಿಗಾಪುರದಲ್ಲಿ ದೊಡ್ಡ ಹೊಸ ಆವರಣ ತೆರೆದ ಮೇಲೂ ನೂಕುನುಗ್ಗಲಿಗೆ ಕೊನೆಯಿಲ್ಲ.

ಆ ಸೋಲನ್ನು ತಿದ್ದಲು ಸಿ.ಎಂ.ಸಿ. ಹಿಡಿದ ದಾರಿ ಮತ್ತೆ ಕಲಿಸುವಿಕೆಯದೇ. ವರ್ಷಕ್ಕೆ ಸುಮಾರು ಮೂರು ಸಾವಿರ ರೂಪಾಯಿ ಬೋಧನಾ ಶುಲ್ಕ, ಸಭೆಗಳ ಶಿಫಾರಸು, ಹಿಂದೆ ಕಾಲೇಜೇ ನಡೆಸುತ್ತಿದ್ದ ಪ್ರವೇಶ ಪರೀಕ್ಷೆ, ಆಮೇಲೆ ದಿನಗಟ್ಟಲೆ ನಡೆಯುತ್ತಿದ್ದ ಸಂದರ್ಶನ; ಓದು ಮುಗಿದ ಮೇಲೆ ಶಿಫಾರಸು ಮಾಡಿದ ಸಭೆಯ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿಯುವ ಕರಾರು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಕ್ಯಾಥೊಲಿಕ್ ಸಭೆ ನಡೆಸುತ್ತಿರುವ ಗ್ರಾಮೀಣ ಸೇವೆಯ ಕರಾರೂ ಇದೇ ಜಾತಿಯದು. ವೈದ್ಯಕೀಯ ಸೀಟುಗಳಿಗೆ ದೇಶಕ್ಕೆಲ್ಲ ಒಂದೇ ಪ್ರವೇಶ ಪರೀಕ್ಷೆ, ಅಂದರೆ ನೀಟ್, ಬಂದಾಗ ಸಂದರ್ಶನದ ಈ ಪದ್ಧತಿಗೆ ಸಂಚಕಾರ ಬಂದಿತು. 2017ರಲ್ಲಿ ಸಿ.ಎಂ.ಸಿ. ತನ್ನ ನೂರು ಎಂ.ಬಿ.ಬಿ.ಎಸ್. ಸೀಟುಗಳಲ್ಲಿ ಒಂದನ್ನು ಮಾತ್ರ ತುಂಬಿ ಉಳಿದವನ್ನು ಖಾಲಿ ಬಿಟ್ಟಿತು. ಅಲ್ಪಸಂಖ್ಯಾತ ಸಂಸ್ಥೆಗಳಿಗೂ ನೀಟ್ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2020ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟಿತು. ಡೊನೇಷನ್ ಹಾವಳಿ ಕಂಡ ಕರ್ನಾಟಕದವನಾಗಿ ಸಮಾನ ಪರೀಕ್ಷೆಯ ಪರವಾದ ವಾದವನ್ನು ನಾನು ತಳ್ಳಿಹಾಕಲಾರೆ. ಆದರೆ ಡೊನೇಷನ್ನನ್ನೇ ಮುಟ್ಟದ ಸಂಸ್ಥೆಯೊಂದಕ್ಕೂ ಅದೇ ಮದ್ದು ಕುಡಿಸಿದ್ದು ಸರಿಯೇ ಎಂಬ ಪ್ರಶ್ನೆ ನನ್ನಲ್ಲಿ ಉಳಿದಿದೆ.

ಏಕೆಂದರೆ ಆ ಎರಡು ವರ್ಷದ ಕರಾರಿನ ಮೇಲೆ ನಿಂತಿರುವುದು ವೆಲ್ಲೂರಿನಂಥ ದೊಡ್ಡ ಆಸ್ಪತ್ರೆಗಳಲ್ಲ. ನಮ್ಮ ಕೋಲಾರದಲ್ಲಿ ಮೆಥೊಡಿಸ್ಟರು ಕಟ್ಟಿದ ಇ.ಟಿ.ಸಿ.ಎಂ. ಆಸ್ಪತ್ರೆಯಿದೆ, ನಮ್ಮ ಹಿಂದಿನ ತಲೆಮಾರಿನ ಅನೇಕರು ಹುಟ್ಟಿದ್ದು ಅಲ್ಲಿಯೇ. ಅಂಥ ಸಣ್ಣಪುಟ್ಟ ಮಿಷನ್ ಆಸ್ಪತ್ರೆಗಳು ದೇಶದ ಉದ್ದಗಲಕ್ಕೂ ಇದ್ದವು. ವಿದೇಶಿ ವೈದ್ಯರು ಹೊರಟುಹೋದ ಮೇಲೆ, ಹಣ ನಿಂತ ಮೇಲೆ, ಎಷ್ಟೋ ಮುಚ್ಚಿದವು, ಎಷ್ಟೋ ಕುಟುಕು ಜೀವ ಹಿಡಿದುಕೊಂಡಿವೆ. ಅಲ್ಲಿಗೆ ಹೋಗಿ ಎರಡು ವರ್ಷ ನಿಲ್ಲುವ ಮನಸ್ಸಿರುವವರನ್ನು ರ‍್ಯಾಂಕಿನ ಪಟ್ಟಿಯೊಂದರಿಂದಲೇ ಹೇಗೆ ಹುಡುಕುವುದು ಎಂಬುದಕ್ಕೆ ವೆಲ್ಲೂರಿನವರು ಈಗ ಹೊಸ ಉಪಾಯ ಕಂಡುಕೊಳ್ಳಬೇಕಾಗಿದೆ.