ಬರೀ ಸುಣ್ಣದ ಗೋಡೆ

ನೆದರ್ಲೆಂಡ್ಸ್‌ನ ಉಟ್ರೆಕ್ಟ್ ಊರಿನ ಡೋಮ್ ಚರ್ಚಿನೊಳಗೆ ನಾನು ನುಗ್ಗಿದ್ದು ಮಳೆಗೆ ಹೆದರಿ, ಕಲೆ ನೋಡೋಕಲ್ಲ. ಪಕ್ಕದ ಒಂದು ಚಾಪೆಲ್‌ನಲ್ಲಿ, ಅಂದರೆ ಚಿಕ್ಕ ಪ್ರಾರ್ಥನಾ ಕೋಣೆಯಲ್ಲಿ, ಕಲ್ಲಿನ ಕೆತ್ತನೆ ಕಾಣಿಸಿತು. ಮೇರಿಯ ತಾಯಿ ಸಂತ ಆನ್, ಮೇರಿ, ಮಗು ಯೇಸು. ಬಟ್ಟೆಯ ನೆರಿಗೆಗಳು ಹಾಗೇ ಇವೆ, ಹಳೇ ಬಣ್ಣವೂ ಅಲ್ಲಲ್ಲಿ ಉಳಿದಿದೆ. ಮುಖಗಳನ್ನು ಮಾತ್ರ ಕೆತ್ತಿ ಹಾಕಿದ್ದಾರೆ. ತೆಂಗಿನಕಾಯಿ ಹೋಳು ಮಾಡಿದ ಹಾಗೆ, ಚಪ್ಪಟೆ.

16ನೇ ಶತಮಾನದಲ್ಲಿ ಕ್ರೈಸ್ತರಲ್ಲೇ ಸುಧಾರಣೆ ಬಯಸಿದ ಕ್ಯಾಲ್ವಿನ್ ಪಂಥದವರು ಮಾಡಿದ ಕೆಲಸ ಇದು. ದೇವರಿಗೆ ರೂಪ ಕೊಡಬಾರದು ಅಂತ ಅವರ ವಾದ. 1566ರಲ್ಲಿ ಚರ್ಚು ಚರ್ಚಿಗೂ ನುಗ್ಗಿ ಮೂರ್ತಿ ಒಡೆದರು. ಆಮೇಲೆ ಈ ಕೆತ್ತನೆಗೆ ಅಡ್ಡಲಾಗಿ ಗೋಡೆಯೇ ಎದ್ದಿತು. ಅದನ್ನು ತೆಗೆದದ್ದು 1919ರಲ್ಲಿ. ನಮ್ಮಲ್ಲಾದರೆ ಭಿನ್ನವಾದ ಮೂರ್ತಿಯನ್ನು ನೀರಿಗೆ ಬಿಡ್ತಿದ್ದೆವು, ಅಲ್ವಾ?

ಹೀಗೆ ಚರ್ಚಿನ ಬಲಿಪೀಠಕ್ಕೆ ಚಿತ್ರ ಬರೆಸುವವರು ಹೋದರು. ಚಿತ್ರಕಾರರು ಮನೆಗಳಿಗೆ ಬರೆಯತೊಡಗಿದರು: ಹಸು, ಚೀಸ್, ಹಡಗು, ಹಾಲು ಸುರಿಯುವ ಹೆಂಗಸು. ಹಾಗಾಗಿ ಡಚ್ ಚಿತ್ರಗಳಲ್ಲಿ ಧರ್ಮವೇ ಇಲ್ಲ ಅಂತ ನಾನು ತುಂಬಾ ದಿನ ಅಂದುಕೊಂಡಿದ್ದೆ.

ಆ ನಂಬಿಕೆ ಕೆಡಿಸಿದ್ದು 17ನೇ ಶತಮಾನದ ಡಚ್ ಚಿತ್ರಕಾರ ಪೀಟರ್ ಸಾನ್‌ರೆಡಾಮ್. ಈ ಮನುಷ್ಯ ಜೀವನಪೂರ್ತಿ ಬರೆದದ್ದು ಹೆಚ್ಚಾಗಿ ಚರ್ಚುಗಳ ಒಳಭಾಗವನ್ನೇ. 1636ರಲ್ಲಿ ಉಟ್ರೆಕ್ಟ್‌ಗೂ ಬಂದು, ತಿಂಗಳುಗಟ್ಟಲೆ ಉಳಿದು, ಅಳತೆ ಹಿಡಿದು ಚರ್ಚುಗಳ ಚಿತ್ರ ಮಾಡಿಕೊಂಡ. ಕೆಲವನ್ನು ಎಷ್ಟೋ ವರ್ಷ ಬಿಟ್ಟು ಬಣ್ಣದಲ್ಲಿ ಬರೆದ.

ಆಮ್ಸ್ಟರ್‌ಡಾಮ್‌ನ ರೈಕ್ಸ್ ಮ್ಯೂಸಿಯಂನಲ್ಲಿ ಅವನ ಅಸೆಂಡೆಲ್ಫ್ಟ್ ಊರಿನ ಚರ್ಚಿನ ಚಿತ್ರ ಇದೆ, 1649ರದ್ದು. ಮೊದಲ ನೋಟಕ್ಕೆ ಬರೀ ಸುಣ್ಣದ ಗೋಡೆ. ಸಂತರಿಲ್ಲ, ಮೇಣದಬತ್ತಿ ಇಲ್ಲ. ದೂರದಲ್ಲಿ ಪಾದ್ರಿ ಉಪದೇಶ ಮಾಡ್ತಿದ್ದಾನೆ, ಜನ ಇರುವೆಗಳಷ್ಟು ಚಿಕ್ಕವರು. ಆದರೆ ಆ ಬಿಳಿ ಒಂದೇ ಬಿಳಿ ಅಲ್ಲ. ಒಂದು ಕಡೆ ಹಾಲಿನ ಕೆನೆ, ಇನ್ನೊಂದು ಕಡೆ ಬೂದಿ. ನನಗೆ ಬೆಣ್ಣೆಯೂ ಕಾಣಿಸಿತು. ಮಧ್ಯಾಹ್ನ ಊಟ ಆಗಿರಲಿಲ್ಲ, ಅದಕ್ಕೂ ಇರಬಹುದು. ಮೂರ್ತಿ ಹೋದ ಜಾಗಕ್ಕೆ ಬೆಳಕನ್ನೇ ತಂದು ಕೂರಿಸಿದ್ದಾನೆ ಅನ್ನಿಸಿತು. ಇದಕ್ಕಿಂತ ಜಾಸ್ತಿ ಧಾರ್ಮಿಕ ಚಿತ್ರ ಇನ್ನೇನು ಬೇಕು?

ಚಿತ್ರದ ಮುಂಭಾಗದಲ್ಲಿ, ನೆಲದಲ್ಲಿ, ಒಂದು ಸಮಾಧಿ ಕಲ್ಲಿದೆ. ಅಕ್ಷರ ಓದೋಕೆ ಬಗ್ಗಿದೆ, ಕಾವಲಿನವರು ಗಂಟಲು ಸರಿಮಾಡಿಕೊಂಡರು. ಅದು ಸಾನ್‌ರೆಡಾಮ್‌ನ ಅಪ್ಪನ ಕಲ್ಲು. ಅಪ್ಪ ತೀರಿಕೊಂಡಾಗ ಇವನಿಗೆ ಹತ್ತು ವರ್ಷವೂ ತುಂಬಿರಲಿಲ್ಲ. ಆ ಚರ್ಚು ಈಗಿಲ್ಲ, 19ನೇ ಶತಮಾನದಲ್ಲಿ ಕೆಡವಿದರು.